ನಮ್ಮ ಹುಡುಗನ ಡಿಸೈನ್ ಪುಕ್ಕಟೆ ಅಲ್ಲ



ನಮ್ಮ ಮಾಗಡಿ ಕೇರಿಯ ಹುಡುಗ ಒಬ್ಬ ಬಿ.ಎ. ಮುಗಿಸಿ ಗದಗದಾಗ ಗ್ರಾಫಿಕ್ ಡಿಸೈನ್ ಕೆಲಸ ಶುರು ಮಾಡ್ಯಾನ. ಮೊನ್ನೆ ಸಿಕ್ಕಾಗ ಅಂದ: "ಅಣ್ಣಾ, ಏಪ್ರಿಲ್ 14ಕ್ಕ ಹನ್ನೊಂದು ಬ್ಯಾನರ್ ಮಾಡಿಕೊಟ್ಟೆ. ಎಲ್ಲಾರೂ 'ನಮ್ಮ ಹುಡುಗ' ಅಂದ್ರು. ರೊಕ್ಕ ಯಾರೂ ಕೊಡಲಿಲ್ಲ." ಅದರಾಗ ಎರಡು ನಾನೇ ಮಾಡಿಸಿದ್ದು. ನಾಚಿಕಿ ಆತು. ಅದಕ್ಕೇ ಈ ಇತಿಹಾಸ ನೆನಪು ಮಾಡ್ತಿದೀನಿ.

1920ರ ಜನವರಿ 31ರಂದು ಬಾಬಾಸಾಹೇಬರು 'ಮೂಕನಾಯಕ' ಪಾಕ್ಷಿಕ ಶುರು ಮಾಡಿದರು. ಆಗ ಅವರಿಗೆ 28 ವರ್ಷ. ರೊಕ್ಕ ಕೊಡ್ತೀವಿ ಅಂದರೂ 'ಕೇಸರಿ' ಪತ್ರಿಕೆ ಅದರ ಜಾಹೀರಾತು ಹಾಕಲಿಲ್ಲ. ಕೊಲ್ಹಾಪುರದ ಶಾಹೂ ಮಹಾರಾಜರು 2,500 ರೂಪಾಯಿ ನೆರವು ಕೊಟ್ಟರು. ಪತ್ರಿಕೆಯ ಹೆಸರಿನ ಕೆಳಗೆ ತುಕಾರಾಮರ ಅಭಂಗದ ಸಾಲು ಅಚ್ಚಾಗುತ್ತಿತ್ತು. ನೋಡಿದ ಕೂಡಲೇ ಇದು ಯಾರ ದನಿ ಅಂತ ಗೊತ್ತಾಗಬೇಕು. ಡಿಸೈನ್ ಅಂದ್ರ ಅದೇ.

ಮೂಕನಾಯಕ ಹೆಚ್ಚು ವರ್ಷ ನಡೀಲಿಲ್ಲ. 1927ರಲ್ಲಿ 'ಬಹಿಷ್ಕೃತ ಭಾರತ' ತಂದರು. ಸಂಬಳವಿಲ್ಲದೆ ಅಂಕಣ ಅಂಕಣ ತಾವೇ ಬರೆದರು. ಕೊನೆಗೆ ಪತ್ರಿಕೆಯ ಸಾಲ ಸಮಾಜದ ಸಾಲ ಅಲ್ಲವೇ ಅಂತ ಅದರಲ್ಲೇ ಕೇಳಬೇಕಾಯಿತು. ಆ ಪ್ರಶ್ನೆ ಇವತ್ತಿಗೂ ನಮ್ಮ ಮುಂದೆ ನಿಂತಿದೆ.

ನಮ್ಮ ಕರ್ನಾಟಕದಲ್ಲಿ 70ರ ದಶಕದಾಗ ಮೈಸೂರಿನಿಂದ 'ಪಂಚಮ' ಬಂತು. ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿಯ ಘೋಷಣೆಗಳು ಊರೂರ ಗೋಡೆ ಏರಿದವು. ಭಾಷಣ ಮಾಡಿದವರ ಹೆಸರು ಉಳಿದವು. ರಾತ್ರಿ ಬ್ರಶ್ ಹಿಡಿದು ಆ ಅಕ್ಷರ ಬರೆದವರ ಹೆಸರು ಎಷ್ಟು ಮಂದಿಗೆ ಗೊತ್ತು?

ಗದಗಕ್ಕ 'ಮುದ್ರಣ ಕಾಶಿ' ಅಂತಾರ. ಮೊಳೆ ಜೋಡಿಸೋ ಕಾಲದಾಗ ಈ ಕೆಲಸ ಕಲೀಬೇಕಂದ್ರ ಪ್ರೆಸ್ಸಿನ ಒಳಗ ಜಾಗ ಸಿಗಬೇಕಿತ್ತು. ಇವತ್ತು ಹಳೇ ಕಂಪ್ಯೂಟರ್ ಒಂದಿದ್ರ ಕೋರೆಲ್‌ಡ್ರಾ, ಫೋಟೋಶಾಪ್ ಮನ್ಯಾಗ ಕಲೀಬಹುದು. ಬಾಗಿಲು ತೆರೆದೈತಿ. ಒಳಗ ಹೋದ ನಮ್ಮ ಮಕ್ಕಳನ್ನ ಪುಕ್ಕಟೆ ದುಡಿಸಿ ನಾವೇ ಹೊರಗ ದಬ್ಬಬಾರದು.

ಈಗ ಶುರು ಮಾಡೋ ತಮ್ಮಂದಿರೇ, ತಂಗಿಯರೇ: ನುಡಿ, ಯೂನಿಕೋಡ್ ಎರಡೂ ಕಲೀರಿ. ಮಾಡಿದ ಕೆಲಸದ ನಮೂನೆ ಕಾಪಿಟ್ಟುಕೊಳ್ಳಿ. ರೇಟು ಮೊದಲೇ ಹೇಳಿ, ಅರ್ಧ ಮುಂಗಡ ತಗೊಳ್ಳಿ. ಮೂಲ್ಯಾಗ ನಿಮ್ಮ ಹೆಸರು ಹಾಕಿ.

ನಾನು ನಿನ್ನೆ ಆ ಎರಡು ಬ್ಯಾನರಿನ ರೊಕ್ಕ ಕಳಿಸಿದೆ. ನಿಮ್ಮೂರ ಹುಡುಗರಿಗೆ ನಿಮ್ಮ ಬಾಕಿ ಎಷ್ಟೈತಿ?

ಜೈ ಭೀಮ್.