‘ವಾರಾನ್ನ’: ಅರ್ಥ, ಬಳಕೆ ಮತ್ತು ಪರಿಧಿ

ಬಡ ವಿದ್ಯಾರ್ಥಿಯು ದಿನಕ್ಕೊಂದು ಮನೆಯಂತೆ ಸರದಿಯಲ್ಲಿ ಮಾಡುವ ಊಟವೆಂಬುದು ‘ವಾರಾನ್ನ’ದ ರೂಢಿಯ ಅರ್ಥ. ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಓದಿದ ಹಿಂದಿನ ತಲೆಮಾರಿನವರ ನೆನಪುಗಳಲ್ಲಿ ಪದವು ಈ ಅರ್ಥದಲ್ಲಿಯೇ ಬರುತ್ತದೆ. ಆದರೆ ಇಲ್ಲಿನ ‘ಬಡ ವಿದ್ಯಾರ್ಥಿ’ ಯಾರೆಂದು ಕೇಳದೆ ಈ ಪದದ ಚರಿತ್ರೆಯನ್ನು ಬರೆಯಲಾಗದೆಂಬುದು ನಮ್ಮ ನಿಲುವು.

ವಾರ, ಅನ್ನ ಎಂಬೆರಡು ಪದಗಳು ಸವರ್ಣದೀರ್ಘಸಂಧಿಯಿಂದ ಕೂಡಿವೆ. ಪೂರ್ವಪದವು ಏಳು ದಿನಗಳ ಅವಧಿಯನ್ನಲ್ಲ, ಸೋಮವಾರ, ಮಂಗಳವಾರಗಳಲ್ಲಿರುವಂತೆ ಸರದಿಯ ದಿನವನ್ನು ಹೇಳುತ್ತದೆ. (ಹೊಲವನ್ನು ‘ವಾರಕ್ಕೆ’ ಕೊಡುವಲ್ಲಿನ ವಾರ, ಅಂದರೆ ಫಸಲಿನ ಪಾಲು, ಬೇರೆಯೇ ಪದ, ತಮಿಳಿನಲ್ಲಿಯೂ ಅದುಂಟು.) ‘ವಾರದ ಮನೆ’, ‘ವಾರದ ಹುಡುಗ’ ಎಂಬ ಪ್ರಯೋಗಗಳಲ್ಲಿ ಉತ್ತರಪದವು ಲೋಪವಾಗಿ, ‘ವಾರ’ವೊಂದೇ ಊಟದ ಹೊಣೆಯನ್ನು ಹೊತ್ತಿದೆ. ಹೀಗಾಗಿಯೇ ‘ಗುರುವಾರಕ್ಕೆ ವಾರ ಸಿಕ್ಕಿಲ್ಲ’ ಎಂಬ ವಾಕ್ಯವು ಪುನರುಕ್ತಿಯಾಗದೆ ಹಸಿವಿನ ಸುದ್ದಿಯಾಗುತ್ತದೆ. ‘ಎರಡು ವಾರ ಸಿಗಲಿಲ್ಲ’ ಎಂದರೆ ಹದಿನಾಲ್ಕು ದಿನಗಳಲ್ಲ. ಎರಡು ದಿನಗಳಿಗೆ ಮನೆ ಗೊತ್ತಾಗಿಲ್ಲವೆಂದರ್ಥ.

‘ಭಿಕ್ಷಾನ್ನ’ದಲ್ಲಿ ಬೇಡುವಿಕೆಯಿದೆ, ‘ಪರಾನ್ನ’ದಲ್ಲಿ ಹಂಗಿದೆ. ವಾರಾನ್ನದಲ್ಲಿ ದಿನವೂ ಮನೆಯೂ ಮೊದಲೇ ಗೊತ್ತಾಗಿರುವುದರಿಂದ, ಹಂಗು ಇದ್ದರೂ ಪದವು ಅದನ್ನು ಮರೆಮಾಡುತ್ತದೆ. ಅದು ಮರೆಮಾಡುವ ಇನ್ನೊಂದು ಸಂಗತಿಯೇ ಮುಖ್ಯವಾದುದು. ಸಹಪಂಕ್ತಿಯ ನಿಯಮ ಬಲವಾಗಿದ್ದ ಕಾಲದಲ್ಲಿ ಅಡುಗೆಮನೆಯ ಸಮೀಪಕ್ಕೆ ಬರಬಲ್ಲ ಹುಡುಗನಿಗೆ ಮಾತ್ರ ವಾರ ದೊರೆಯುತ್ತಿತ್ತು. ಬಹುಮಟ್ಟಿಗೆ ಇದು ಬ್ರಾಹ್ಮಣ ಮನೆಗಳೂ ಬ್ರಾಹ್ಮಣ ಹುಡುಗರೂ ಕೂಡಿದ ವ್ಯವಸ್ಥೆ. ಉಳಿದವರ ಬಡತನಕ್ಕೆ ಬೇರೆ ಪದಗಳು ಬೇಕಾದವು. 1906ರಲ್ಲಿ ಒಕ್ಕಲಿಗರ ಸಂಘ, 1916ರಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಹುಟ್ಟಿದ ಕಾಲದಲ್ಲಿ ಸಮುದಾಯಗಳ ‘ವಿದ್ಯಾರ್ಥಿನಿಲಯ’ವೂ ಮಠಗಳ ‘ಪ್ರಸಾದನಿಲಯ’ವೂ ಬೆಳೆದವು. ‘ಪ್ರಸಾದ’ವು ಅಷ್ಟಾವರಣಗಳಲ್ಲೊಂದು, ಆ ಹೆಸರಿನಲ್ಲಿ ಉಣಿಸಿದವರು ಗೃಹಸ್ಥರಲ್ಲ, ಉಂಡವನು ಯಾವ ಮನೆಗೂ ಋಣಿಯಲ್ಲ.

ಪದ್ಧತಿಯು ಮರೆಯಾದರೂ ಪದವು ಸನ್ಮಾನಪತ್ರಗಳಲ್ಲಿಯೂ ಶ್ರದ್ಧಾಂಜಲಿಗಳಲ್ಲಿಯೂ ಉಳಿದಿದೆ. ‘ವಾರಾನ್ನ ಉಂಡು ಓದಿದವರು’ ಎಂಬುದು ಈಗ ಊಟದ ವಿವರವಲ್ಲ, ಸಾಧನೆಯ ಪ್ರಮಾಣಪತ್ರ. ಈ ಬಳಕೆಯಲ್ಲಿ ಜಾತಿಯ ಗೆರೆ ಅಳಿಸಿಹೋಗಿ, ಕಷ್ಟಪಟ್ಟು ಓದಿದ ಯಾರಿಗಾದರೂ ಪದವು ಸಲ್ಲುವಂತಾಗಿದೆ. ನಿಘಂಟುಕಾರರು ಇದನ್ನು ಎರಡನೆಯ ಅರ್ಥವಾಗಿ ಕೊಟ್ಟು, ಮೊದಲನೆಯದಕ್ಕೆ ಅದರ ಸಾಮಾಜಿಕ ಪರಿಧಿಯನ್ನು ಸೂಚಿಸುವುದು ಯುಕ್ತ. ಲಿಂಗದ ಸೂಚನೆಯೂ ಅಲ್ಲಿರಬೇಕು: ‘ವಾರದ ಹುಡುಗಿ’ ಎಂಬ ಪ್ರಯೋಗವು ನಮಗೆ ಎಲ್ಲಿಯೂ ದೊರೆತಿಲ್ಲ.