ಕಬ್ಬಿಣದ ಮಾತ್ರೆಯ ಜೊತೆಗೆ ಪ್ರೊಬಯಾಟಿಕ್

ಕಬ್ಬಿಣದ ಕೊರತೆಯಿಂದ ಬರುವ ರಕ್ತಹೀನತೆಗೆ ಮಾತ್ರೆಯ ಜೊತೆ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ (ಪ್ರೊಬಯಾಟಿಕ್) ಕೊಡುವ ಚಿಕಿತ್ಸಾಕ್ರಮ. ಮಾತ್ರೆಯ ಕಬ್ಬಿಣ ಹೆಚ್ಚು ಮೈಗೆ ಹತ್ತಲಿ, ಹೊಟ್ಟೆಯ ಉಪದ್ರವ ತಗ್ಗಲಿ ಎಂಬುದು ಇದರ ಆಶಯ.

ಆಂಧ್ರಪ್ರದೇಶದ ಪೆನ್ನಾರ್ ನದಿಯ ಸೀಮೆಯ ರೊದ್ದಂ, ಹಿಂದೂಪುರ, ಕಲ್ಯಾಣದುರ್ಗಗಳಿಗೆ ಈ ವಿಷಯ ದೂರದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಆಂಧ್ರಪ್ರದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 58.8 ಮಂದಿಗೆ ರಕ್ತಹೀನತೆ ಇತ್ತು. ಪಕ್ಕದ ಕರ್ನಾಟಕದಲ್ಲಿ ಶೇ. 47.8. 2018ರಲ್ಲಿ ಆರಂಭವಾದ ‘ಅನೀಮಿಯಾ ಮುಕ್ತ ಭಾರತ’ ಯೋಜನೆಯಲ್ಲಿ ಗರ್ಭಿಣಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕೆಂಪು ಮಾತ್ರೆ ಸಿಗುತ್ತದೆ. ಅದರಲ್ಲಿರುವುದು 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಹೆರಿಗೆಯ ನಂತರವೂ ಅಷ್ಟೇ ದಿನ. ಮಾತ್ರೆ ಕೈಸೇರಿದರೂ ವಾಕರಿಕೆ, ಮಲಬದ್ಧತೆ, ಕಪ್ಪು ಮಲ ಕಂಡು ಹೆದರಿ ಅರ್ಧಕ್ಕೇ ಬಿಡುವವರಿದ್ದಾರೆ. ಮಲ ಕಪ್ಪಾಗುವುದು ಹೀರಿಕೆಯಾಗದ ಕಬ್ಬಿಣದಿಂದ, ಅದಕ್ಕೆ ಗಾಬರಿಪಡಬೇಕಿಲ್ಲ.

ಆ ಉಳಿಕೆ ಕಬ್ಬಿಣವೇ ಈ ಚಿಕಿತ್ಸೆಯ ಹಿಂದಿರುವ ವಿಚಾರದ ಬೇರು. ನುಂಗಿದ ಕಬ್ಬಿಣದ ಬಹುಪಾಲು ದೊಡ್ಡ ಕರುಳಿಗೆ ಇಳಿಯುತ್ತದೆ. ರೋಗ ತರುವ ಹಲವು ಬ್ಯಾಕ್ಟೀರಿಯಾಗಳು ಕಬ್ಬಿಣಕ್ಕೆ ಹಾತೊರೆಯುತ್ತವೆ. ಉಪಕಾರಿಯಾದ ಲ್ಯಾಕ್ಟೋಬ್ಯಾಸಿಲಸ್ ಗುಂಪಿನವಕ್ಕೆ ಅದು ಹೆಚ್ಚುಕಡಿಮೆ ಬೇಕೇ ಇಲ್ಲ, ಮ್ಯಾಂಗನೀಸ್‌ನಲ್ಲಿ ನಿಭಾಯಿಸುತ್ತವೆ. ಕೀನ್ಯಾದ ಹಸುಳೆಗಳಿಗೆ ಕಬ್ಬಿಣ ಬೆರೆಸಿದ ಪುಡಿ ಕೊಟ್ಟಾಗ ಕರುಳಿನಲ್ಲಿ ಹಾನಿಕರ ಬ್ಯಾಕ್ಟೀರಿಯಾಗಳು ಹೆಚ್ಚಿದ್ದು 2015ರಲ್ಲಿ ವರದಿಯಾಯಿತು.

ಕಬ್ಬಿಣದ ಹೀರಿಕೆಯ ವಿಷಯದಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದ ತಳಿ ಸ್ವೀಡನ್ನಿನ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟಾರಮ್ 299ವಿ. 2015ರ ಅಧ್ಯಯನವೊಂದರಲ್ಲಿ ಇದನ್ನು ಬೆರೆಸಿದ ಹಣ್ಣಿನ ಪಾನೀಯ ಕುಡಿದ ಆರೋಗ್ಯವಂತ ಯುವತಿಯರಲ್ಲಿ ಕಬ್ಬಿಣದ ಹೀರಿಕೆ ಸುಮಾರು ಶೇ. 50ರಷ್ಟು ಏರಿತು. ಆದರೆ ಕಬ್ಬಿಣದ ಕೊರತೆಯಿದ್ದ ಮಕ್ಕಳಿಗೆ ಕಬ್ಬಿಣದ ಔಷಧಿಯ ಜೊತೆ ಇದೇ ತಳಿಯನ್ನು ಕೊಟ್ಟ 2019ರ ಪರೀಕ್ಷೆಯಲ್ಲಿ ಹೆಚ್ಚುವರಿ ಲಾಭ ಕಾಣಲಿಲ್ಲ. ಹೀರಿಕೆ ಹೆಚ್ಚಿದ ಮಾತ್ರಕ್ಕೆ ಹಿಮೋಗ್ಲೋಬಿನ್ ಏರಿತು ಎನ್ನಲಾಗದು. ಒಂದು ತಳಿಯ ಗುಣವನ್ನು ಇನ್ನೊಂದಕ್ಕೆ ಅನ್ವಯಿಸುವುದೂ ಸರಿಯಲ್ಲ.

ಹಾಗಾದರೆ ಮನೆಯ ಮೊಸರು, ರಾಗಿ ಅಂಬಲಿ? ರಾಗಿಯಲ್ಲಿ ಕಬ್ಬಿಣವಿದೆ, ಅದನ್ನು ಹಿಡಿದಿಡುವ ಫೈಟಿಕ್ ಆಮ್ಲ, ಟ್ಯಾನಿನ್‌ಗಳೂ ಇವೆ. ಹಿಟ್ಟನ್ನು ರಾತ್ರಿ ಕಲಸಿಟ್ಟು ಹುಳಿ ಬರಿಸಿ ಬೆಳಿಗ್ಗೆ ಕಾಯಿಸಿದರೆ ಬ್ಯಾಕ್ಟೀರಿಯಾಗಳೇನೋ ಸಾಯುತ್ತವೆ. ಆದರೆ ಅಷ್ಟರಲ್ಲೇ ಫೈಟಿಕ್ ಆಮ್ಲದ ಒಂದು ಭಾಗ ಒಡೆದುಹೋಗಿರುತ್ತದೆ. ಆರಿದ ಅಂಬಲಿಗೆ ಮಜ್ಜಿಗೆ ಬೆರೆಸಿದರೆ ಜೀವಂತ ಬ್ಯಾಕ್ಟೀರಿಯಾಗಳೂ ಸೇರುತ್ತವೆ. ಇದು ಒಳ್ಳೆಯ ಆಹಾರ, ಚಿಕಿತ್ಸೆಯಲ್ಲ. ಮೊಸರು-ಮಜ್ಜಿಗೆಯ ಕ್ಯಾಲ್ಸಿಯಂ ಕಬ್ಬಿಣದ ಹೀರಿಕೆಗೆ ಅಡ್ಡಬರುವುದರಿಂದ ಅವುಗಳ ಜೊತೆಗೇ ಮಾತ್ರೆ ನುಂಗಬಾರದು.

ಚಹಾದ ವಿಷಯದಲ್ಲಿ ಪುರಾವೆ ಇನ್ನೂ ಗಟ್ಟಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಊಟದ ಜೊತೆ ಒಂದು ಲೋಟ ಚಹಾ ಕುಡಿದಾಗ ಯುವತಿಯರಲ್ಲಿ ಕಬ್ಬಿಣದ ಹೀರಿಕೆ ಅರ್ಧದಷ್ಟು ಕುಸಿಯಿತು. ವಿಟಮಿನ್ ಸಿ ಅದನ್ನು ಹಲವು ಪಟ್ಟು ಏರಿಸಿತು. ಮಾತ್ರೆಯನ್ನು ನಿಂಬೆರಸದ ಜೊತೆ ನುಂಗಿ, ಚಹಾವನ್ನು ಒಂದೆರಡು ಗಂಟೆ ಮುಂದೂಡುವುದಕ್ಕೆ ಖರ್ಚೇ ಇಲ್ಲ.

ಪ್ರೊಬಯಾಟಿಕ್ ಪೊಟ್ಟಣ ಕೊಳ್ಳುವವರು ತಳಿಯ ಪೂರ್ಣ ಹೆಸರನ್ನೂ ಬ್ಯಾಕ್ಟೀರಿಯಾಗಳ ಸಂಖ್ಯೆಯನ್ನೂ ನೋಡಬೇಕು. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು ವೈದ್ಯರನ್ನು ಕೇಳದೆ ಇದನ್ನು ತೆಗೆದುಕೊಳ್ಳುವುದು ಅಪಾಯ.