‘ಸಮರೂಪ ಮಿಶ್ರಣ’ ಎಂದರೇನು? ಬೋರ್ಡೋ ದ್ರಾವಣ ನಿಜಕ್ಕೂ ದ್ರಾವಣವೇ?

ಬೆರೆಸಿದ ವಸ್ತುವಿನ ಯಾವ ಭಾಗದಿಂದ ಒಂದು ಹನಿ ತೆಗೆದರೂ ಅದರಲ್ಲಿ ಎಲ್ಲವೂ ಒಂದೇ ಪ್ರಮಾಣದಲ್ಲಿದ್ದರೆ ಅದು ಸಮರೂಪ ಮಿಶ್ರಣ. ಏಕರೂಪ ಮಿಶ್ರಣ ಎಂದೂ ಕರೆಯುತ್ತಾರೆ. ಕರಗಿದ ಉಪ್ಪುನೀರು ಇದಕ್ಕೆ ಉದಾಹರಣೆ. ರಾತ್ರಿಯಿಡೀ ಇಟ್ಟರೂ ಉಪ್ಪು ತಳಕ್ಕೆ ಇಳಿಯುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ಬೇರೆಯಾಗುವುದಿಲ್ಲ. ಸುಣ್ಣದ ತಿಳಿ ಹಾಗಲ್ಲ. ಕಲಕಿದಾಗ ಒಂದೇ ಸಮ ಬೆಳ್ಳಗೆ ಕಾಣುತ್ತದೆ, ಬಿಟ್ಟರೆ ತಳ ಸೇರುತ್ತದೆ. ಇಂಥದ್ದಕ್ಕೆ ನಿಲಂಬನ ಎಂದು ಹೆಸರು.

ಈ ವ್ಯತ್ಯಾಸ ಪರೀಕ್ಷೆಯ ಅಂಕಕ್ಕೆ ಮಾತ್ರವೇ? ಸಾಗರ, ಹೊಸನಗರ, ತೀರ್ಥಹಳ್ಳಿಯ ಅಡಿಕೆ ಬೆಳೆಗಾರರಿಗೆ ಇದು ಫಸಲಿನ ಪ್ರಶ್ನೆ.

ಮಳೆಗಾಲದಲ್ಲಿ ಅಡಿಕೆ ಉದುರಿಸುವ ಕೊಳೆರೋಗಕ್ಕೆ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಸೂಕ್ಷ್ಮಜೀವಿ ಕಾರಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಈ ರೋಗದ ಅಧ್ಯಯನ ಪ್ರಕಟಿಸಿದ್ದರು. ಇದನ್ನು ತಡೆಯಲು ಹೊಡೆಯುವ ಔಷಧಿಯೇ ಶೇ 1ರ ಬೋರ್ಡೋ: 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ, 100 ಲೀಟರ್ ನೀರು.

‘ದ್ರಾವಣ ಅಂದಮೇಲೆ ಕರಗಿರುತ್ತದೆ, ಉಳಿದದ್ದನ್ನು ನಾಳೆ ಕಲಕಿ ಹೊಡೆದರಾಯಿತು’ ಎಂಬ ಮಾತು ಸರಿಯೇ?

ಸರಿಯಲ್ಲ. ಮೈಲುತುತ್ತಿನ ನೀರು ಮಾತ್ರ ನಿಜವಾದ ದ್ರಾವಣ. ಸುಣ್ಣ ಸೇರಿದೊಡನೆ ತಾಮ್ರವು ನೀರಿನಲ್ಲಿ ಕರಗದ ನೀಲಿ ಕಣಗಳಾಗಿ ಬದಲಾಗುತ್ತದೆ. ಹೆಸರು ದ್ರಾವಣ, ಗುಣ ನಿಲಂಬನ. ಕಲಕದೆ ಬಿಟ್ಟರೆ ಮೇಲಿನದು ಸಪ್ಪೆ, ತಳದ್ದು ಗಟ್ಟಿ. ಕೆಲವು ಗೊನೆಗೆ ಔಷಧಿ ಸಾಲದು, ಇತ್ತ ನಾಝಲ್ ಕಟ್ಟಿಕೊಳ್ಳುತ್ತದೆ. ಹೊತ್ತು ಕಳೆದಂತೆ ಕಣಗಳು ದಪ್ಪವಾಗಿ ಅಂಟುವ ಗುಣ ಕಳೆದುಕೊಳ್ಳುತ್ತವೆ. ಮರುದಿನ ಕಲಕಿದರೆ ಬಣ್ಣ ಒಂದೇ ಸಮ ಕಂಡೀತು, ಆದರೆ ಮಳೆಗೆ ತೊಳೆದುಹೋಗುತ್ತದೆ.

ಸರಿಯಾದ ಕ್ರಮ ಏನು?

• ಮೈಲುತುತ್ತು ಮತ್ತು ಸುಣ್ಣವನ್ನು 50 ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕದಡಿ. ಪ್ಲಾಸ್ಟಿಕ್ ಡ್ರಮ್ ಆಗಬಹುದು, ಕಬ್ಬಿಣದ ಪಾತ್ರೆ ಬೇಡ.
• ಸುಣ್ಣದ ತಿಳಿಗೆ ಮೈಲುತುತ್ತಿನ ನೀರನ್ನು ಕಲಕುತ್ತಾ ಸುರಿಯಿರಿ.
• ಶುಭ್ರವಾದ ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಬಿಡಿಯಾಗಿದೆ, ಎಳೆಗಾಯಿ ಸುಟ್ಟೀತು. ಲೇಪ ಬಾರದವರೆಗೆ ಸುಣ್ಣದ ತಿಳಿ ಸೇರಿಸಿ.
• ಹೊಡೆಯುವಾಗಲೂ ಆಗಾಗ ಕಲಕುತ್ತಿರಿ. ಆ ದಿನದ್ದು ಆ ದಿನವೇ ಮುಗಿಸಿ.

ನೆನಪಿಡಿ: ಒಂದೇ ಬಣ್ಣ ಕಂಡ ಮಾತ್ರಕ್ಕೆ ಸಮರೂಪ ಅಲ್ಲ. ಕಲಕದೆ ಬಿಟ್ಟಾಗಲೂ ಹಾಗೇ ಉಳಿದರೆ ಮಾತ್ರ ಸಮರೂಪ. ತೋಟ ಇರುವ ನೆಂಟರಿಗೆ, ಸ್ನೇಹಿತರಿಗೆ ಇದನ್ನು ಕಳಿಸಿ.